ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಮುನ್ನ



ಗೊಬ್ಬರ, ಬೀಜೋಪಚಾರಗಳ ವಿಷಯ ಬರೆಯುತ್ತಿದ್ದ ನಾನು ಈ ಸಲ ಕಂಪ್ಯೂಟರಿನ ವಿಷಯ ಹಿಡಿದುದಕ್ಕೆ ಕಾರಣವುಂಟು. ಕಳೆದ ಎರಡು ತಿಂಗಳಲ್ಲಿ ನಮ್ಮ ಬ್ಲಾಕಿನ ಮೂರು ಮನೆಗಳಲ್ಲಿ ನನ್ನನ್ನು ಕೂರಿಸಿಕೊಂಡು ಇದೇ ಮಾತು ಕೇಳಿದರು: “ಹುಡುಗರು ಗ್ರಾಫಿಕ್ಸ್ ಕಾರ್ಡ್ ಬೇಕು ಅಂತಾರೆ. ಅದೇನು ಸ್ವಾಮಿ? ನಮ್ಮ ಪೆಟ್ಟಿಗೆಗೆ ಆಗುತ್ತದೆಯೆ?” ಅವರಲ್ಲೊಬ್ಬರು ಕೊಬ್ಬರಿ ಮಾರಿದ ಹಣದಲ್ಲಿ ಕಾರ್ಡು ತಂದು, ಮನೆಯಲ್ಲಿದ್ದ ಕಂಪ್ಯೂಟರನ್ನೂ ಕಳೆದುಕೊಂಡಿದ್ದರು. ಅವರ ಸಂಗತಿ ಮುಂದೆ ಬರುವುದು.

ಪರದೆಯ ಮೇಲಿನ ಚಿತ್ರವೆಲ್ಲ ಚುಕ್ಕೆಗಳಿಂದಾದುದು. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಇಷ್ಟನ್ನೂ ಸೆಕೆಂಡಿಗೆ 60 ಸಲ ಹೊಸದಾಗಿ ತುಂಬಬೇಕು. ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಹಿಂದಿನ ಕಾಲದ ಶಾನುಭೋಗರಂತೆ, ಎಂಥ ತೊಡಕಿನ ಲೆಕ್ಕವನ್ನಾದರೂ ಬಿಡಿಸಬಲ್ಲದು. ಆದರೆ ಶಾನುಭೋಗರನ್ನು ಗದ್ದೆಗಿಳಿಸಿ ನಾಟಿ ಮಾಡಿಸಿದರೆ ಸಂಜೆಗೆ ಒಂದು ಮಡಿಯೂ ಮುಗಿಯದು. ನಾಟಿಗೆ ಸಾಲಾಗಿ ನಿಂತ ಆಳುಗಳು ಬೇಕು. ಗ್ರಾಫಿಕ್ಸ್ ಕಾರ್ಡಿನಲ್ಲಿರುವುದು ಅಂಥ ಆಳುಗಳ ಸಾಲು. ಜಿ.ಟಿ.ಎಕ್ಸ್. 1650 ಎಂಬ ಸಾಧಾರಣ ಕಾರ್ಡಿನಲ್ಲೇ 896 ಸಣ್ಣ ಲೆಕ್ಕದ ಘಟಕಗಳಿವೆ.

ಹಾಗೆಂದು ಇದು ಎಲ್ಲರಿಗೂ ಬೇಕೆಂದಲ್ಲ. ಪಹಣಿ ತೆಗೆಯುವುದಕ್ಕೆ, ಡೈರಿ ಸಂಘದ ಲೆಕ್ಕ ಬರೆಯುವುದಕ್ಕೆ, ಸಿನಿಮಾ ನೋಡುವುದಕ್ಕೆ ಹೆಚ್ಚಿನ ಪ್ರೊಸೆಸರುಗಳ ಒಳಗೇ ಇರುವ ಸಣ್ಣ ಗ್ರಾಫಿಕ್ಸ್ ಭಾಗವೇ ಸಾಕು. ಮನೆಯ ನಕ್ಷೆಯನ್ನು ಮೂರು ಆಯಾಮದಲ್ಲಿ ಬಿಡಿಸುವವರಿಗೆ, ವಿಡಿಯೊ ಕತ್ತರಿಸಿ ಜೋಡಿಸುವವರಿಗೆ, ಡ್ರೋನಿನಿಂದ ತೆಗೆದ ನೂರಾರು ಫೋಟೊಗಳನ್ನು ಹೊಲಿದು ಜಮೀನಿನ ನಕ್ಷೆ ಮಾಡುವವರಿಗೆ ಕಾರ್ಡಿನಿಂದ ನಿಜವಾದ ಅನುಕೂಲವುಂಟು. ಆಟ ಆಡುವುದಕ್ಕೂ ಬೇಕಾಗುತ್ತದೆ. ಆ ತೀರ್ಮಾನ ನಿಮ್ಮ ಮನೆಯೊಳಗಿನದು. ಲ್ಯಾಪ್‌ಟಾಪ್ ಇರುವವರು ಈ ಲೇಖನವನ್ನು ಇಲ್ಲಿಗೇ ಬಿಡಬಹುದು, ಅದರೊಳಗೆ ಇಂಥ ಕಾರ್ಡು ಕೂರುವುದಿಲ್ಲ.

ಮೊದಲು ನೋಡತಕ್ಕದ್ದು ಕಾರ್ಡನ್ನಲ್ಲ

ಎಲ್ಲರೂ ಅಂಗಡಿಗೆ ಹೋಗಿ ಮೊದಲು ಕಾರ್ಡಿನ ಬೆಲೆ ಕೇಳುತ್ತಾರೆ. ಆದರೆ ಮೊದಲು ನೋಡಬೇಕಾದುದು ಮನೆಯ ಪೆಟ್ಟಿಗೆಯ ಒಳಗಿರುವ ಎಸ್.ಎಂ.ಪಿ.ಎಸ್. ಅನ್ನು. ಹಿಂಬದಿಯಲ್ಲಿ ಕರೆಂಟಿನ ತಂತಿ ಚುಚ್ಚುತ್ತೀರಲ್ಲ, ಅಲ್ಲೇ ಒಳಗಿರುವ ಲೋಹದ ಡಬ್ಬಿ ಅದು. 5 ಎಚ್.ಪಿ. ಮೋಟಾರಿಗೆ ಹಾಕಿದ ಸ್ಟಾರ್ಟರು, ಕೇಬಲ್ಲುಗಳಿಗೆ 10 ಎಚ್.ಪಿ. ಮೋಟಾರು ಕೊಟ್ಟರೆ ಏನಾಗುವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿಯೂ ಅದೇ ಲೆಕ್ಕ.

ಮದರ್‌ಬೋರ್ಡಿನಲ್ಲಿ ಕಾರ್ಡು ಕೂರುವ ಉದ್ದನೆಯ ಸ್ಲಾಟು 75 ವ್ಯಾಟ್‌ವರೆಗೆ ಮಾತ್ರ ವಿದ್ಯುತ್ ಕೊಡಬಲ್ಲದು. ಜಿ.ಟಿ. 1030 ಕಾರ್ಡಿಗೆ 30 ವ್ಯಾಟ್, ಆರ್.ಟಿ.ಎಕ್ಸ್. 3050ರ 6 ಜಿ.ಬಿ. ಮಾದರಿಗೆ 70, ಜಿ.ಟಿ.ಎಕ್ಸ್. 1650ಕ್ಕೆ 75, ಇಂಥವು ಸಾಮಾನ್ಯವಾಗಿ ಸ್ಲಾಟಿನ ವಿದ್ಯುತ್ತಿನಲ್ಲೇ ನಡೆಯುತ್ತವೆ. ಅದಕ್ಕೂ ಹೆಚ್ಚು ಎಳೆಯುವ ಕಾರ್ಡಿಗೆ ಎಸ್.ಎಂ.ಪಿ.ಎಸ್.ನಿಂದ ಬೇರೆ ತಂತಿ ಬರಬೇಕು. 6 ಪಿನ್ನಿನ ಪ್ಲಗ್ಗು ಮತ್ತೆ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಕೊಡುವುದು. ಆರ್.ಟಿ.ಎಕ್ಸ್. 3060 ಕಾರ್ಡು 170 ವ್ಯಾಟ್ ಎಳೆಯುತ್ತದೆ. ಅದಕ್ಕೆ 550 ವ್ಯಾಟಿನ ಎಸ್.ಎಂ.ಪಿ.ಎಸ್. ಇರಲೆಂದು ತಯಾರಕರೇ ಹೇಳಿದ್ದಾರೆ.

ಡಬ್ಬಿಯ ಮೇಲಿನ ಚೀಟಿಯಲ್ಲಿ ದಪ್ಪಕ್ಷರದ ಅಂಕಿಯನ್ನಷ್ಟೇ ನಂಬಬೇಡಿರಿ. 12 ವೋಲ್ಟ್ ಎಂಬ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆ ನೋಡಿರಿ. 18 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ, 216 ವ್ಯಾಟ್. ಕಾರ್ಡಿಗೆ ಮುಖ್ಯವಾಗಿ ಬೇಕಾದ ವಿದ್ಯುತ್ತು ಈ ಸಾಲಿನದು. ಅಗ್ಗದ ಡಬ್ಬಿಗಳ ಮೇಲೆ 450 ಎಂದು ದೊಡ್ಡದಾಗಿ ಅಚ್ಚಾಗಿದ್ದು ಈ ಸಾಲಿನಲ್ಲಿ ಅರ್ಧವೂ ಇಲ್ಲದಿರುವುದನ್ನು ನಾನೇ ಕಂಡಿದ್ದೇನೆ.

ಈಗ ಆ ಕೊಬ್ಬರಿ ಹಣದ ಸಂಗತಿ. ಅವರ ಮಗಳು ಸಿವಿಲ್ ಡಿಪ್ಲೊಮಾ ಓದುತ್ತಾಳೆ. ಕಚೇರಿಯೊಂದರಿಂದ ಹರಾಜಿಗೆ ಬಂದಿದ್ದ ಕಂಪ್ಯೂಟರು, 240 ವ್ಯಾಟಿನ ಎಸ್.ಎಂ.ಪಿ.ಎಸ್. ಅಂಗಡಿಯವನು 120 ವ್ಯಾಟಿನ ಹಳೆಯ ಕಾರ್ಡು ಕೊಟ್ಟ. ಡಬ್ಬಿಯಲ್ಲಿ 6 ಪಿನ್ನಿನ ತಂತಿಯೇ ಇರಲಿಲ್ಲವಾಗಿ, ಡಿಸ್ಕಿನ ಪ್ಲಗ್ಗಿನಿಂದ ಜೋಡುತಂತಿ ಎಳೆದುಕೊಟ್ಟ. ಕಾಗದದ ಮೇಲೆ ಲೆಕ್ಕ ಕೂಡುವಂತೆಯೇ ತೋರುತ್ತದೆ: ಕಾರ್ಡಿಗೆ 120, ಪ್ರೊಸೆಸರಿಗೆ 65, ಉಳಿದುದಕ್ಕೆ 40. ಆದರೆ ಮೋಟಾರು ಶುರುವಾಗುವಾಗ ಎಷ್ಟು ಆಂಪಿಯರ್ ಎಳೆಯುತ್ತದೆ, ಓಡುವಾಗ ಎಷ್ಟು ಎಂಬುದನ್ನು ನೀವು ಮೀಟರಿನಲ್ಲಿ ನೋಡಿದ್ದೀರಿ. ಕಾರ್ಡು ಕೂಡ ಭಾರದ ಕೆಲಸ ಬಿದ್ದಾಗ ಕ್ಷಣಮಾತ್ರ ತನ್ನ ಅಂಕಿಯನ್ನು ಮೀರಿ ಎಳೆಯುವುದು. ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೆಯ ದಿನ ಹುಡುಗಿ ಪರೀಕ್ಷೆಗೆ ಒಪ್ಪಿಸಬೇಕಾದ ಮನೆಯ ನಕ್ಷೆಯನ್ನು ತೆರೆದಳು, ಪೆಟ್ಟಿಗೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಮೂರನೆಯ ಸಲಕ್ಕೆ ಸುಟ್ಟ ವಾಸನೆ ಬಂತು. ಡಬ್ಬಿಯ ಜೊತೆಗೆ ಮದರ್‌ಬೋರ್ಡೂ ಹೋಯಿತು.

ಇನ್ನೊಂದು ತೊಡಕು: ಕಚೇರಿಗಳಿಂದ ಬರುವ ಇಂಥ ಪೆಟ್ಟಿಗೆಗಳಲ್ಲಿ ಹಲವಕ್ಕೆ ಪೇಟೆಯ ಸಾಮಾನ್ಯ ಎಸ್.ಎಂ.ಪಿ.ಎಸ್. ಹೊಂದುವುದಿಲ್ಲ, ಪ್ಲಗ್ಗಿನ ಆಕಾರವೇ ಬೇರೆ. ಪೆಟ್ಟಿಗೆ ಸಣ್ಣದಾಗಿದ್ದರೆ ಪೂರ್ಣ ಎತ್ತರದ ಕಾರ್ಡೂ ಹಿಡಿಸುವುದಿಲ್ಲ, ಕುಳ್ಳ ಮಾದರಿಯದೇ ಬೇಕು. ಸ್ಲಾಟಿನಿಂದ ಮುಂದಿನ ಗೋಡೆಯವರೆಗೆ ಟೇಪು ಹಿಡಿದು ಅಳೆಯಿರಿ, ಪಕ್ಕದ ಸ್ಲಾಟು ಖಾಲಿ ಇದೆಯೇ ನೋಡಿರಿ. ಹೆಚ್ಚಿನ ಕಾರ್ಡುಗಳ ದಪ್ಪ ಎರಡು ಸ್ಲಾಟುಗಳಷ್ಟಿರುತ್ತದೆ. ಚೀಟಿಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಅನಂತರ ಪೇಟೆಗೆ ಹೊರಡಿರಿ.

ಕೂರಿಸುವ ಕ್ರಮ

ಕೂರಿಸುವುದು ಕಷ್ಟವಲ್ಲ, ಅರ್ಧ ಗಂಟೆಯ ಕೆಲಸ. ಕಂಪ್ಯೂಟರನ್ನು ಆರಿಸಿ, ಗೋಡೆಯ ಪ್ಲಗ್ಗನ್ನು ಕಿತ್ತು, ಹಚ್ಚುವ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಇಳಿಯುವುದು. ಪೆಟ್ಟಿಗೆಯನ್ನು ಮರದ ಮೇಜಿನ ಮೇಲೆ ಮಲಗಿಸಿರಿ, ಕಂಬಳಿಯ ಮೇಲೆ ಕೂಡದು. ಮಾಗಿಯ ಒಣಹವೆಯಲ್ಲಿ ಕಂಬಳಿ ಕೊಡವಿದರೆ ಚಟಚಟ ಕಿಡಿ ಹಾರುತ್ತದಲ್ಲವೇ, ಆ ಕಿಡಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿದ್ದರೂ ಕಾರ್ಡಿನ ಚಿಪ್ಪನ್ನು ಕೊಲ್ಲಬಲ್ಲದು. ಕಾರ್ಡು ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿಕೊಳ್ಳಿರಿ.

ಸ್ಲಾಟಿನ ಎದುರಿರುವ ತಗಡಿನ ಪಟ್ಟಿಗಳನ್ನು ಬಿಚ್ಚಿ, ಕಾರ್ಡನ್ನು ಅಂಚಿನಲ್ಲಿ ಹಿಡಿದು ನೇರವಾಗಿ ಇಳಿಸಿ ಎರಡು ಕೈಯಿಂದಲೂ ಸಮನಾಗಿ ಒತ್ತಬೇಕು. ಕೊನೆಯ ಚಿಲಕ ಟಕ್ ಎಂದರೆ ಕೂತಿತೆಂದು ತಿಳಿಯಿರಿ. ಆಮೇಲೆ ಸ್ಕ್ರೂ ಬಿಗಿಯಿರಿ. ಕಾರ್ಡು ತೂಕದ್ದು, ಸ್ಕ್ರೂ ಇಲ್ಲದಿದ್ದರೆ ಜೋತುಬೀಳುತ್ತದೆ. ಬೇರೆ ತಂತಿ ಬೇಕಾದ ಕಾರ್ಡಾದರೆ 6 ಮತ್ತು 2 ಪಿನ್ನಾಗಿ ಒಡೆದಿರುವ ಪ್ಲಗ್ಗೇ ಅದರದು. 4 ಮತ್ತು 4 ಆಗಿ ಒಡೆದಿರುವುದು ಪ್ರೊಸೆಸರಿನದು. ನೋಡಲು ಒಂದೇ ತರಹ, ವಿದ್ಯುತ್ತಿನ ಕ್ರಮ ಮಾತ್ರ ತಿರುವುಮುರುವು. ಬಲವಂತದಿಂದ ತುರುಕಕೂಡದು.

ಕೊನೆಯದಾಗಿ ಮಾನಿಟರಿನ ತಂತಿ. ನಾನು ನನ್ನ ಮೊದಲ ಕಾರ್ಡನ್ನು ಕೂರಿಸಿದಾಗ ತಂತಿಯನ್ನು ಹಳೆಯ ಜಾಗದಲ್ಲೇ ಬಿಟ್ಟಿದ್ದೆ. ಪರದೆ ಕಪ್ಪಾಗಿಯೇ ಇತ್ತು. ಕಾರ್ಡು ಸತ್ತಿದೆಯೆಂದು ಬಿಚ್ಚಿ, ಬಸ್ಸು ಹತ್ತಿ, ತಾಲ್ಲೂಕಿನ ಅಂಗಡಿಯವನೊಡನೆ ಜಗಳವಾಡಿ ಬಂದೆ. ಅವನು ನನ್ನೆದುರೇ ಕಾರ್ಡನ್ನು ಬೇರೊಂದು ಪೆಟ್ಟಿಗೆಗೆ ಹಾಕಿ, ತಂತಿಯನ್ನು ಕಾರ್ಡಿಗೇ ಚುಚ್ಚಿ ತೋರಿಸಿದ. ಕೃಷಿ ಡಿಪ್ಲೊಮಾ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಕಾರ್ಡು ಕೂರಿಸಿದ ಮೇಲೆ ಮಾನಿಟರಿನ ತಂತಿ ಕಾರ್ಡಿನ ಹಿಂಬದಿಗೆ ಬರಬೇಕು.

ಹಚ್ಚಿದಾಗ ಅಕ್ಷರಗಳು ದಪ್ಪದಪ್ಪವಾಗಿ ಕಂಡರೆ ಹೆದರಬೇಡಿರಿ. ತಯಾರಕರ ಜಾಲತಾಣದಿಂದ, ಎಂದರೆ ಎನ್‌ವಿಡಿಯಾ, ಎ.ಎಂ.ಡಿ. ಅಥವಾ ಇಂಟೆಲ್‌ನಿಂದಲೇ, ಡ್ರೈವರ್ ಇಳಿಸಿಕೊಂಡರೆ ಸರಿಹೋಗುವುದು. ಹಳೆಯ ಕಾರ್ಡು ಕೊಳ್ಳುವವರು ಅಂಗಡಿಯಲ್ಲೇ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಓಡಿಸಿ ನೋಡಿಕೊಳ್ಳಿರಿ. ಮೂರು ಪಿನ್ನಿನ ಪ್ಲಗ್ಗಿಗೆ ನಿಜವಾದ ಅರ್ತಿಂಗ್ ಇದೆಯೇ ಎಂದು ಲೈನ್‌ಮನ್ನರಿಂದ ಪರೀಕ್ಷೆ ಮಾಡಿಸಿರಿ. ಪಂಪ್‌ಸೆಟ್ಟಿಗೆ ಉಪ್ಪು ಇದ್ದಿಲು ಹಾಕಿ ಗುಂಡಿ ತೋಡಿಸಿದವರ ಮನೆಯಲ್ಲೇ ಆ ಮೂರನೆಯ ರಂಧ್ರ ಬರಿದಾಗಿರುವುದನ್ನು ನೋಡಿದ್ದೇನೆ.

ಆ ಹುಡುಗಿ ಸಂಜೆ ಹೊತ್ತು ಕಾಲೇಜಿನ ಕಂಪ್ಯೂಟರಿನಲ್ಲಿ ಕೂತು ನಕ್ಷೆಯನ್ನು ಮುಗಿಸಿ ಒಪ್ಪಿಸಿದಳು. ಹೋದ ವಾರ ಅವರ ಮನೆಗೆ ಬೇರೆ ಪೆಟ್ಟಿಗೆ ಬಂದಿದೆ. ಅದಕ್ಕೆ ಬೇರೆ ತಂತಿ ಬೇಡದ 70 ವ್ಯಾಟಿನ ಕಾರ್ಡನ್ನು ಅವಳೇ ಕೂರಿಸಿದಳು, ನಾನು ಟಾರ್ಚು ಹಿಡಿದಿದ್ದೆ.