ಒಂದು ಮಾತು, ಹಲವು ಕರೆ

ಮಾರತ್ತಹಳ್ಳಿ ಬ್ರಿಡ್ಜಿನ ಬಳಿ ಬಸ್ಸಿಗಾಗಿ ಕಾಯುತ್ತಿರುವ ಗೃಹಿಣಿಯೊಬ್ಬಳು ತನ್ನ ಬ್ಯಾಂಕಿನ 1800ರಿಂದ ಮೊದಲಾಗುವ ಶುಲ್ಕರಹಿತ ಸಂಖ್ಯೆಗೆ ಕರೆ ಮಾಡಿ, ಕನ್ನಡಕ್ಕೆ ಯಾವ ಅಂಕಿಯನ್ನೊತ್ತಬೇಕೆಂಬ ಯಂತ್ರವಾಣಿಯ ಸೂಚನೆಯನ್ನು ಪಾಲಿಸಿ, ಕಾಯುವ ಹೊತ್ತಿನ ಸಂಗೀತವನ್ನು ಸಹಿಸಿ, ಮೊದಲು ಒಬ್ಬ ಸಿಬ್ಬಂದಿಯೊಡನೆಯೂ ಅನಂತರ ಆತ ವರ್ಗಾಯಿಸಿದ ಸಾಲವಿಭಾಗದ ಅಧಿಕಾರಿಣಿಯೊಡನೆಯೂ ಮಾತನಾಡುತ್ತ, ಅಷ್ಟರಲ್ಲಿ ಬಂದ ಬಸ್ಸನ್ನೇರಿ ಮಹದೇವಪುರದವರೆಗೂ ಮಾತನ್ನು ಮುಂದುವರಿಸಿದಳೆಂದು ಭಾವಿಸಿದರೆ, ಆಕೆಯ ಮಟ್ಟಿಗೆ ನಡೆದುದು ಒಂದೇ ಕರೆ. ದೂರಸಂಪರ್ಕ ಜಾಲದ ಮಟ್ಟಿಗಾದರೋ ಹಾಗಲ್ಲ. ಆಕೆಯ ಫೋನಿನಿಂದ ಮೊಬೈಲ್ ಕಂಪನಿಯ ಕೇಂದ್ರಕ್ಕೆ ಒಂದು, ಶುಲ್ಕರಹಿತ ಸಂಖ್ಯೆಯನ್ನು ಅದರ ಹಿಂದಿರುವ ನಿಜಸಂಖ್ಯೆಯಾಗಿ ಮಾರ್ಪಡಿಸಿಕೊಂಡು ಬ್ಯಾಂಕಿನ ಸೇವಾಕೇಂದ್ರಕ್ಕೆ ಒಂದು, ಯಂತ್ರವಾಣಿಗೆ ಒಂದು, ಸಿಬ್ಬಂದಿಗೆ ಒಂದು, ಅಧಿಕಾರಿಣಿಗೆ ಮತ್ತೊಂದು, ಹೀಗೆ ಬೇರೆ ಬೇರೆ ಯಂತ್ರಗಳು ಬೇರೆ ಬೇರೆ ಹೆಸರುಗಳಿಂದ ದಾಖಲಿಸಿಕೊಂಡ ನಾಲ್ಕಾರು ಕರೆಗಳು ಅವು. ಇವೆಲ್ಲವೂ ಒಂದೇ ಸಂಭಾಷಣೆಯ ಅಂಗಗಳೆಂಬುದನ್ನು ಗುರುತಿಸುವ ಬಗೆ ಯಾವುದು ಎಂಬ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರಿದರೂ, ಅದಕ್ಕೊಂದು ಸರ್ವಸಮ್ಮತವಾದ ಉತ್ತರ ದೊರೆತುದು 2016ರಷ್ಟು ಈಚೆಗೆ.

ಈ ಪ್ರಶ್ನೆಯ ಇತಿಹಾಸವೆಲ್ಲವೂ ಮಾರತ್ತಹಳ್ಳಿಯನ್ನು ಹಾದುಹೋಗುವ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿಯೇ ಹರಡಿಕೊಂಡಿರುವುದು ಒಂದು ಸೋಜಿಗ. ಉತ್ತರಾಭಿಮುಖವಾಗಿ ಹೊರಟರೆ ಕೆ.ಆರ್.ಪುರದ ಬಳಿ ದೂರವಾಣಿನಗರ. ಸ್ವತಂತ್ರ ಭಾರತದ ಪ್ರಥಮ ಸಾರ್ವಜನಿಕ ಉದ್ದಿಮೆಯಾದ ಐ.ಟಿ.ಐ., ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1948ರಲ್ಲಿ ನೆಲೆಗೊಂಡುದು ಅಲ್ಲಿ. ದಕ್ಷಿಣಾಭಿಮುಖವಾಗಿ ಹೊರಟರೆ ಕಾಡುಬೀಸನಹಳ್ಳಿ. ಅಂತರ್ಜಾಲದ ಯಂತ್ರಗಳಿಗೆ ಹೆಸರಾದ ಸಿಸ್ಕೋ ಕಂಪನಿಯ ವಿಶಾಲವಾದ ಆವರಣವಿರುವುದು ಅಲ್ಲಿ. ಮೊದಲನೆಯದು ಕರೆಗೆ ತಂತಿಯ ಶರೀರವಿದ್ದ ಕಾಲದ ಪ್ರತಿನಿಧಿ. ಎರಡನೆಯದು ಕರೆಯು ಶರೀರವನ್ನು ಕಳೆದುಕೊಂಡು ಬರಿಯ ಹೆಸರಿನ ಬಲದಿಂದ ಬದುಕಬೇಕಾಗಿ ಬಂದ ಕಾಲದ ಪ್ರತಿನಿಧಿ.

ಐ.ಟಿ.ಐ. ತನ್ನ ಆರಂಭದ ವರ್ಷಗಳಲ್ಲಿ ತಯಾರಿಸಿದುದು ಸ್ಟ್ರೌಜರ್ ಪದ್ಧತಿಯ ಎಕ್ಸ್‌ಚೇಂಜುಗಳನ್ನು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತನು 1891ರಲ್ಲಿ ಪೇಟೆಂಟ್ ಪಡೆದ ಆ ಯಂತ್ರದಲ್ಲಿ, ಚಂದಾದಾರನು ಡಯಲನ್ನು ತಿರುಗಿಸಿದಂತೆಲ್ಲ ಸೆಲೆಕ್ಟರ್ ಎಂಬ ಉಪಕರಣವು ಅಂಕಿಗೆ ತಕ್ಕಷ್ಟು ಮೆಟ್ಟಿಲು ಮೇಲೇರಿ, ಅನಂತರ ಪಕ್ಕಕ್ಕೆ ತಿರುಗಿ, ಹತ್ತು ಮಟ್ಟಗಳಲ್ಲಿ ಹತ್ತು ಹತ್ತರಂತೆ ಜೋಡಿಸಿದ ನೂರು ಸಂಪರ್ಕಬಿಂದುಗಳಲ್ಲಿ ಒಂದನ್ನು ಹಿಡಿದು ನಿಲ್ಲುತ್ತಿದ್ದಿತು. ಮಾತು ಮುಗಿಯುವವರೆಗೆ ಆ ಸೆಲೆಕ್ಟರುಗಳೂ ಅವುಗಳ ನಡುವಣ ತಂತಿಗಳೂ ಆ ಇಬ್ಬರ ಸ್ವತ್ತು. ಮೂರನೆಯವನಿಗೆ ಅವು ದೊರೆಯವು. ಪೀಡಕ ಕರೆಗಳ ದೂರು ಬಂದಾಗ, ವಿಶೇಷ ಏರ್ಪಾಟಿನಿಂದ ಕರೆಯನ್ನು ಕಡಿದುಹೋಗದಂತೆ ಹಿಡಿದಿಟ್ಟು, ತಂತ್ರಜ್ಞನು ಕರೆ ಬಂದ ಕಡೆಯ ಕೊನೆಯ ಸೆಲೆಕ್ಟರಿನಿಂದ ಮೊದಲ್ಗೊಂಡು, ಅದು ಯಾವ ಬಿಂದುವಿನಲ್ಲಿ ನಿಂತಿದೆಯೆಂದು ಕಣ್ಣಾರೆ ನೋಡುತ್ತ, ರ್‍ಯಾಕಿನಿಂದ ರ್‍ಯಾಕಿಗೆ ಹಿಂದೆ ಹಿಂದೆ ನಡೆದು ಕರೆ ಮಾಡಿದವನ ತಂತಿಯನ್ನು ಮುಟ್ಟುತ್ತಿದ್ದನು. ಕರೆಗೆ ಪ್ರತ್ಯೇಕವಾದ ಹೆಸರಿನ ಅಗತ್ಯವೇ ಅಲ್ಲಿರಲಿಲ್ಲ, ದಾರಿಯೇ ದಾಖಲೆಯಾಗಿದ್ದಿತು.

ಊರಿಂದೂರಿಗೆ ಮಾತನಾಡಬೇಕಾದಾಗ ಆ ಏಕತೆಯನ್ನು ಕಾಯುತ್ತಿದ್ದುದು ಮನುಷ್ಯಪ್ರಜ್ಞೆ. ಟ್ರಂಕ್ ಕಾಲ್ ಬುಕ್ ಮಾಡಿದ ಕೂಡಲೆ ಆಪರೇಟರಳು ಒಂದು ಟಿಕೆಟ್ಟಿನ ಮೇಲೆ ಕರೆಯುವವರ ಸಂಖ್ಯೆ, ಕರೆಸಿಕೊಳ್ಳುವವರ ಊರು ಮತ್ತು ಸಂಖ್ಯೆ, ಕರೆಯು ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ, ಇಂಥವರೇ ಮಾತಿಗೆ ಸಿಗಬೇಕೆಂಬ ಪಿ.ಪಿ. ಕರೆಯೋ ಎಂಬ ವಿವರಗಳನ್ನು ಬರೆದಿಡುತ್ತಿದ್ದಳು. ನಡುವೆ ಎರಡು ಮೂರು ಊರುಗಳ ಆಪರೇಟರುಗಳು ಕೈಗೂಡಿಸಬೇಕಾದರೂ, ಸಾಲು ಕಡಿದು ಮತ್ತೆ ಜೋಡಿಸಬೇಕಾಗಿ ಬಂದರೂ, ಟಿಕೆಟ್ಟು ಒಂದೇ ಆಗಿದ್ದುದರಿಂದ ಕರೆಯೂ ಒಂದೇ ಆಗಿ ಉಳಿಯುತ್ತಿದ್ದಿತು.

1960ರಲ್ಲಿ ಕಾನ್ಪುರ ಮತ್ತು ಲಖನೌ ನಗರಗಳ ನಡುವೆ, ಚಂದಾದಾರನು ತಾನೇ ನೇರವಾಗಿ ಡಯಲ್ ಮಾಡುವ ಎಸ್.ಟಿ.ಡಿ. ಪ್ರಾರಂಭವಾದಂದಿನಿಂದ ಆಪರೇಟರಳೂ ಆಕೆಯ ಟಿಕೆಟ್ಟೂ ಮೆಲ್ಲಮೆಲ್ಲನೆ ಮರೆಯಾದುವು. ಅವುಗಳ ಸ್ಥಾನದಲ್ಲಿ ಚಂದಾದಾರನ ಹೆಸರಿಗೊಂದರಂತೆ ಎಕ್ಸ್‌ಚೇಂಜಿನಲ್ಲಿ ಕುಳಿತ ಮೀಟರು, ಯಾವ ಕರೆಗೆ ಎಷ್ಟು ಎಂಬುದನ್ನು ಹೇಳದೆ, ಒಟ್ಟು ಮೊತ್ತವನ್ನು ಮಾತ್ರ ಕೂಡುತ್ತ ಹೋಯಿತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕೆಲಸಕ್ಕೆ ತೊಡಗಿದಾಗ, ಧ್ವನಿಯು ಅಂಕಿಗಳ ರೂಪವನ್ನು ತಳೆದು, ಇಬ್ಬರಿಗೆಂದೇ ಮೀಸಲಾದ ಲೋಹದ ದಾರಿಯು ಹೋಗಿ, ಅದರ ಬದಲು ಕ್ಷಣಾಂಶಗಳ ಸರದಿಯಲ್ಲಿ ಒಂದೊಂದು ಸ್ಥಾನವು ಮಾತ್ರ ಕರೆಯ ಪಾಲಿಗೆ ಉಳಿಯಿತು. ಅಂತರ್ಜಾಲವು ಆ ಸ್ಥಾನವನ್ನೂ ಅಳಿಸಿತು. ಮಾತು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಒಡೆದು, ಲಕ್ಷಾಂತರ ಇತರ ಪ್ಯಾಕೆಟ್ಟುಗಳೊಡನೆ ಬೆರೆತು ಹರಿಯತೊಡಗಿದ ಮೇಲೆ, ಹಿಂದೆ ಹಿಂದೆ ನಡೆದು ಮುಟ್ಟಬಹುದಾದ ತಂತಿಯೆಂಬುದೊಂದು ಎಲ್ಲಿಯೂ ಉಳಿಯಲಿಲ್ಲ.

ಇಂದಿನ ಕರೆಗಳನ್ನು ಕಟ್ಟಿಕೊಡುವ ಭಾಷೆಗೆ ಸಿಪ್ ಎಂದು ಹೆಸರು. ಅದರ ಪ್ರಥಮ ಪ್ರಮಾಣಗ್ರಂಥ 1999ರದು, ಈಗಲೂ ಬಳಕೆಯಲ್ಲಿರುವ ಪರಿಷ್ಕೃತ ರೂಪ 2002ರದು. ಮನುಷ್ಯರು ಓದಬಹುದಾದ ಅಕ್ಷರಗಳಲ್ಲಿಯೇ ಬರೆದ ಸಂದೇಶಗಳಿಂದ ಅದು ನಡೆಯುತ್ತದೆ. ಮಾತಿಗೆ ಕರೆಯುವುದು ಇನ್ವೈಟ್, ಒಪ್ಪಿಕೊಳ್ಳುವುದು ಓಕೆ, ಮುಗಿಸುವುದು ಬೈ. ಪ್ರತಿಯೊಂದು ಸಂದೇಶದ ಮೇಲೂ ಕಾಲ್-ಐಡಿ ಎಂಬ ಗುರುತೊಂದಿರುತ್ತದೆ. ಆ ಗುರುತೂ ಎರಡು ಕಡೆಯವರು ಒಂದೊಂದಾಗಿ ಹಚ್ಚಿದ ಟ್ಯಾಗುಗಳೂ ಸೇರಿದರೆ ಅದು ಒಂದು ಡೈಲಾಗು. ಇಷ್ಟರಿಂದ ಕೆಲಸ ಮುಗಿಯಬೇಕಾಗಿದ್ದಿತು. ಮುಗಿಯದಿದ್ದುದಕ್ಕೆ ಕಾರಣ ನಡುದಾರಿಯ ಯಂತ್ರಗಳು.

ಒಂದು ಕಂಪನಿಯ ಜಾಲವು ಮತ್ತೊಂದರ ಜಾಲವನ್ನು ಸಂಧಿಸುವ ಎಡೆಯಲ್ಲಿ ಸೆಷನ್ ಬಾರ್ಡರ್ ಕಂಟ್ರೋಲರ್ ಎಂಬ ಯಂತ್ರವೊಂದು ಕಾವಲಿರುತ್ತದೆ. ತನ್ನ ಒಳಗಿನ ವಿಳಾಸಗಳು ಹೊರಗಿನವರಿಗೆ ಕಾಣಬಾರದೆಂದೂ, ದುರುದ್ದೇಶದ ಸಂದೇಶಗಳು ಒಳನುಗ್ಗಬಾರದೆಂದೂ, ಆ ಯಂತ್ರವು ಹೊರಗಿನಿಂದ ಬಂದ ಕರೆಯನ್ನು ತನ್ನಲ್ಲಿಯೇ ಕೊನೆಗೊಳಿಸಿ, ಅದೇ ಕ್ಷಣದಲ್ಲಿ ಹೊಸದೊಂದು ಕಾಲ್-ಐಡಿಯೊಡನೆ ಹೊಸ ಕರೆಯೊಂದನ್ನು ಒಳಗಡೆಗೆ ತಾನೇ ಪ್ರಾರಂಭಿಸುತ್ತದೆ. ಇಂಜಿನಿಯರುಗಳು ಇಂಥ ಒಂದೊಂದು ತುಂಡನ್ನೂ ಲೆಗ್ ಎನ್ನುತ್ತಾರೆ. ಮಾರತ್ತಹಳ್ಳಿಯಿಂದ ಧಾರವಾಡಕ್ಕೆ ಹೊರಟವನು ಮೆಜೆಸ್ಟಿಕ್ಕಿನವರೆಗೆ ಬಿ.ಎಂ.ಟಿ.ಸಿ. ಟಿಕೆಟ್ಟನ್ನೂ, ಅಲ್ಲಿಂದ ಹುಬ್ಬಳ್ಳಿಗೆ ಕೆಂಪು ಬಸ್ಸಿನ ಟಿಕೆಟ್ಟನ್ನೂ, ಕೊನೆಗೆ ಚಿಗರಿ ಬಸ್ಸಿನ ಟಿಕೆಟ್ಟನ್ನೂ ಕೊಂಡಂತೆ ಇದು. ಪ್ರತಿಯೊಬ್ಬ ನಿರ್ವಾಹಕನ ಲೆಕ್ಕವೂ ಚೊಕ್ಕಟವಾಗಿದ್ದರೂ, ಇಡೀ ಪಯಣವನ್ನು ಹೇಳುವ ಟಿಕೆಟ್ಟು ಯಾರ ಕೈಯಲ್ಲಿಯೂ ಇರದು.

ಎಲ್ಲವೂ ಸುಗಮವಾಗಿರುವಾಗ ಇದರಿಂದ ಯಾವ ಬಾಧೆಯೂ ಇಲ್ಲ. ಆದರೆ ಅಧಿಕಾರಿಣಿಗೆ ಗೃಹಿಣಿಯ ಮಾತು ಕೇಳಿಸಿ, ಗೃಹಿಣಿಗೆ ಅಧಿಕಾರಿಣಿಯ ಮಾತು ಕೇಳಿಸದೆ ಹೋಯಿತೆನ್ನಿ. ಈ ಏಕಮುಖ ಧ್ವನಿಯೆಂಬುದು ಈ ವೃತ್ತಿಯಲ್ಲಿ ಅತಿ ಪರಿಚಿತವಾದ ವ್ಯಾಧಿ. ಯಾವುದೋ ಒಂದು ಲೆಗ್ಗಿನಲ್ಲಿ ಪ್ಯಾಕೆಟ್ಟುಗಳಿಗೆ ತಪ್ಪು ವಿಳಾಸ ಬಿದ್ದಿರುತ್ತದೆ. ಅದನ್ನು ಕಂಡುಹಿಡಿಯಲು ಐದಾರು ಯಂತ್ರಗಳ ಲಾಗುಗಳನ್ನು ತರಿಸಿ, ಪ್ರತಿಯೊಂದು ಯಂತ್ರಕ್ಕೂ ಒಂದು ಲಂಬರೇಖೆಯನ್ನೆಳೆದು, ಅವುಗಳ ನಡುವೆ ಸಂದೇಶಗಳನ್ನು ಬಾಣಗಳಂತೆ ಒಂದರ ಕೆಳಗೊಂದು ಜೋಡಿಸಿ ನೋಡಬೇಕು. ಸಾಮಾನ್ಯವಾದ ಹೆಸರಿಲ್ಲದಿರುವಾಗ ಜೋಡಿಸುವುದಾದರೂ ಯಾವ ಆಧಾರದ ಮೇಲೆ? ಫೋನ್ ಸಂಖ್ಯೆಯನ್ನು ಹಿಡಿಯೋಣವೆಂದರೆ, ಅದೇ ಸಂಖ್ಯೆ ಒಂದೆಡೆ ಬರಿಯ ಹತ್ತು ಅಂಕಿಗಳಾಗಿಯೂ ಮತ್ತೊಂದೆಡೆ 91 ಸೇರಿಸಿಕೊಂಡೂ ಕಾಣಿಸುತ್ತದೆ. 2011ರ ಜನವರಿಯಲ್ಲಿ ದೇಶಾದ್ಯಂತ ಜಾರಿಗೆ ಬಂದ ಪೋರ್ಟಿಂಗ್ ವ್ಯವಸ್ಥೆಯಿಂದಾಗಿ, ಕಂಪನಿ ಬದಲಿಸಿದವರ ಸಂಖ್ಯೆಗೆ ದಾರಿ ತೋರುವ ಇನ್ನೊಂದು ಅಂಕಿಮಾಲೆಯೂ ಮುಂದೆ ಅಂಟಿಕೊಂಡಿರುತ್ತದೆ. ವೇಳೆಯನ್ನು ಹಿಡಿಯೋಣವೆಂದರೆ, ಒಂದೇ ಸೆಕೆಂಡಿನಲ್ಲಿ ನೂರಾರು ಕರೆಗಳು ಹಾದುಹೋಗುವ ಕೇಂದ್ರದಲ್ಲಿ, ಎರಡು ಯಂತ್ರಗಳ ಗಡಿಯಾರಗಳಿಗೆ ಎರಡು ಸೆಕೆಂಡಿನ ವ್ಯತ್ಯಾಸವಿದ್ದರೂ ಸಾಕು, ಒಬ್ಬಳ ಕರೆಯ ಬಾಲಕ್ಕೆ ಮತ್ತೊಬ್ಬನ ಕರೆಯ ತಲೆ ಅಂಟಿಕೊಳ್ಳುತ್ತದೆ.

ಅಂತರ್ಜಾಲದ ನಿಯಮಗಳನ್ನು ರೂಪಿಸುವ ಇಂಟರ್ನೆಟ್ ಇಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಎಂಬ ಸಂಘಟನೆಯು 2014ರಲ್ಲಿ ಈ ತೊಡಕಿನ ಸ್ವರೂಪವನ್ನೂ ಪರಿಹಾರಕ್ಕಿರಬೇಕಾದ ಲಕ್ಷಣಗಳನ್ನೂ ನಿರೂಪಿಸಿ, 2016ರ ಅಕ್ಟೋಬರಿನಲ್ಲಿ ಆರ್.ಎಫ್.ಸಿ. 7989 ಎಂಬ ಪ್ರಮಾಣಗ್ರಂಥವನ್ನು ಪ್ರಕಟಿಸಿತು. ಅದರ ಕರ್ತೃಗಳು ನಾಲ್ವರೂ, ಕಾಡುಬೀಸನಹಳ್ಳಿಯಲ್ಲಿ ನಾವು ಕಂಡ ಆ ಸಿಸ್ಕೋ ಕಂಪನಿಗೆ ಸೇರಿದವರೇ. ಅವರು ಸೂಚಿಸಿದ ಉಪಾಯ ಸರಳವಾದುದು: ಪ್ರತಿಯೊಂದು ಸಂದೇಶದ ಮೇಲೂ ಸೆಷನ್-ಐಡಿ ಎಂಬ ಮತ್ತೊಂದು ಸಾಲಿರತಕ್ಕದ್ದು, ಆ ಸಾಲನ್ನು ನಡುದಾರಿಯ ಯಂತ್ರಗಳು ಬದಲಿಸದೆ ದಾಟಿಸತಕ್ಕದ್ದು, ಅದರಲ್ಲಿ ಎರಡು ಅರ್ಧಗಳಿದ್ದು, ಒಂದನ್ನು ಈ ತುದಿಯವನೂ ಮತ್ತೊಂದನ್ನು ಆ ತುದಿಯವನೂ ತಾನೇ ಸೃಷ್ಟಿಸತಕ್ಕದ್ದು.

ಒಂದೇ ಹೆಸರಿನಿಂದ ನಡೆಯಬಹುದಾಗಿದ್ದಲ್ಲಿ ಎರಡು ಅರ್ಧಗಳೇಕೆ ಎಂಬ ಶಂಕೆ ಸಹಜವಾದುದು. ನಮ್ಮ ಗೃಹಿಣಿಯ ಕರೆಯನ್ನೇ ಅನುಸರಿಸಿ ನೋಡಿದರೆ ಅದರ ಮರ್ಮ ತಿಳಿಯುತ್ತದೆ. ಆಕೆಯ ಫೋನು ಇನ್ವೈಟ್ ಕಳುಹಿಸುವಾಗ ತನ್ನ ಅರ್ಧವನ್ನು ಬರೆದು, ಎದುರಿನವನು ಯಾರೆಂದು ಇನ್ನೂ ತಿಳಿಯದುದರಿಂದ ಇನ್ನೊಂದು ಅರ್ಧದಲ್ಲಿ 32 ಸೊನ್ನೆಗಳನ್ನಿಡುತ್ತದೆ. ಯಂತ್ರವಾಣಿಯು ಉತ್ತರಿಸುವಾಗ ಆ ಸೊನ್ನೆಗಳ ಜಾಗದಲ್ಲಿ ತನ್ನ ಅರ್ಧವನ್ನು ತುಂಬುತ್ತದೆ. ಕರೆಯು ಸಿಬ್ಬಂದಿಗೆ ದಾಟಿದಾಗ ಯಂತ್ರವಾಣಿಯ ಅರ್ಧವು ಹೋಗಿ ಅವನ ಅರ್ಧ ಬರುತ್ತದೆ. ಅಧಿಕಾರಿಣಿಗೆ ದಾಟಿದಾಗ ಅವನದು ಹೋಗಿ ಆಕೆಯದು ಬರುತ್ತದೆ. ಗೃಹಿಣಿಯ ಅರ್ಧವು ಮಾತ್ರ ಮೊದಲಿನಿಂದ ಕಡೆಯವರೆಗೆ ಅಚಲ. ಆದುದರಿಂದ ಆ ಒಂದು ಅರ್ಧವನ್ನು ಹಿಡಿದು ಹುಡುಕಿದರೆ, ಎಷ್ಟು ಲೆಗ್ಗುಗಳಾಗಿ ಒಡೆದಿದ್ದರೂ ಇಡೀ ಸಂಭಾಷಣೆ ಕ್ರಮವಾಗಿ ಎದ್ದುಬರುತ್ತದೆ. ಬದಲಾದ ಅರ್ಧಗಳಿಂದ ಯಾವ ಘಟ್ಟದಲ್ಲಿ ಎದುರಿಗಿದ್ದವರು ಯಾರು ಎಂಬುದೂ ತಿಳಿಯುತ್ತದೆ. ಹಲವರು ಕೂಡಿ ಮಾತನಾಡುವ ಕಾನ್ಫರೆನ್ಸಿನಲ್ಲಾದರೆ, ಅದನ್ನು ನಡೆಸುವ ಯಂತ್ರವು ಭಾಗವಹಿಸಿದವರೆಲ್ಲರಿಗೂ ತನ್ನದೊಂದೇ ಅರ್ಧವನ್ನು ಕೊಟ್ಟು ಅವರನ್ನು ಒಂದು ಗುಂಪಾಗಿ ಬೆಸೆಯುತ್ತದೆ.

ಈ ಅರ್ಧಗಳ ಒಳಗೇನಿದೆಯೆಂದು ನೋಡಿದರೆ, ಏನೂ ಇಲ್ಲ. ಏನೂ ಇಲ್ಲದಿರುವುದೇ ಅದರ ಸೊಗಸು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳೂ ಎ ಮೊದಲ್ಗೊಂಡು ಎಫ್ ವರೆಗಿನ ಅಕ್ಷರಗಳೂ ಬೆರೆತ 32 ಚಿಹ್ನೆಗಳ ಈ ಮಾಲೆ ಸಾಮಾನ್ಯವಾಗಿ ಕೇವಲ ಯಾದೃಚ್ಛಿಕವಾದುದು. ಅದರ 128 ಬಿಟ್ಟುಗಳಲ್ಲಿ 122 ಸ್ವಚ್ಛಂದವಾಗಿ ಹುಟ್ಟುವುದರಿಂದ ಸಾಧ್ಯವಾಗುವ ಮಾಲೆಗಳ ಸಂಖ್ಯೆ ಸುಮಾರು 53ರ ಮುಂದೆ 35 ಸೊನ್ನೆಗಳನ್ನು ಬರೆದಷ್ಟು. ಯಾರನ್ನೂ ಕೇಳದೆ ಪ್ರತಿಯೊಂದು ಫೋನೂ ತನಗೆ ತೋಚಿದ ಮಾಲೆಯನ್ನು ಆರಿಸಿಕೊಂಡರೂ ಇಬ್ಬರದು ಒಂದೇ ಆಗುವ ಭಯವಿಲ್ಲ. ಹುಟ್ಟಿದ ವೇಳೆಯನ್ನೂ ಯಂತ್ರದ ಗುರುತನ್ನೂ ಒಳಗೊಳ್ಳುವ ಬೇರೊಂದು ಬಗೆಯ ಮಾಲೆ ಬಳಕೆಯಲ್ಲಿದ್ದರೂ ಈ ಕೆಲಸಕ್ಕೆ ಅದು ನಿಷಿದ್ಧ. ಮಾತನಾಡುವವರ ಹೆಸರು, ಊರು, ಸಂಖ್ಯೆ, ಉಪಕರಣ ಇವುಗಳಲ್ಲಿ ಯಾವುದೂ ಆ ಮಾಲೆಯಿಂದ ತಿಳಿಯಬಾರದೆಂಬುದು ನಿಯಮಕರ್ತರ ಸಂಕಲ್ಪ.

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಹಳೆಯ ಎಕ್ಸ್‌ಚೇಂಜುಗಳ ಸಂಕೇತಭಾಷೆಯಲ್ಲಿ ಈ ಸಾಲಿಗೆ ಸ್ಥಳವಿಲ್ಲ. ಕರೆಯು ಆ ಮಾರ್ಗವನ್ನು ಹೊಕ್ಕಕೂಡಲೆ ಸೂತ್ರವು ಕಡಿಯುತ್ತದೆ. ಬೇಕೆಂದೇ ಕಡಿಯುವವರೂ ಇದ್ದಾರೆ. 2021ರ ಜೂನ್ ತಿಂಗಳಿನಲ್ಲಿ ಬೆಂಗಳೂರು ಪೊಲೀಸರ ಭಯೋತ್ಪಾದನಾ ನಿಗ್ರಹ ದಳದವರು ಸೇನೆಯ ಗುಪ್ತಚರ ವಿಭಾಗದೊಡಗೂಡಿ ನಗರದಲ್ಲಿ ಬಯಲಿಗೆಳೆದ ಅಕ್ರಮ ಎಕ್ಸ್‌ಚೇಂಜಿನಲ್ಲಿ 32 ಸಿಮ್ ಬಾಕ್ಸುಗಳು ದೊರೆತುವು. ಅವುಗಳಲ್ಲಿ ಏಕಕಾಲಕ್ಕೆ 960 ಸಿಮ್‌ಗಳು ಕೆಲಸಮಾಡಬಹುದಾಗಿದ್ದಿತು. ವಿದೇಶದಿಂದ ಅಂತರ್ಜಾಲದ ಮೂಲಕ ಬಂದ ಕರೆಯನ್ನು ಈ ಪೆಟ್ಟಿಗೆ ಒಂದು ಬದಿಯಲ್ಲಿ ಮುಗಿಸಿ, ಮತ್ತೊಂದು ಬದಿಯಿಂದ ಸ್ಥಳೀಯ ಸಿಮ್ಮಿನ ಹೆಸರಿನಲ್ಲಿ ಹೊಸ ಕರೆಯಾಗಿ ಹೊರಡಿಸುವುದರಿಂದ, ಅಂತರರಾಷ್ಟ್ರೀಯ ಶುಲ್ಕವೂ ತಪ್ಪುತ್ತದೆ, ಕರೆದವನ ಗುರುತೂ ಅಳಿಯುತ್ತದೆ. ಬಾರ್ಡರ್ ಕಂಟ್ರೋಲರ್ ಮಾಡುವ ಕ್ರಿಯೆಯನ್ನೇ ಇದು ಕಳ್ಳತನದಲ್ಲಿ ಮಾಡುತ್ತದೆ. ಇಲ್ಲಿ ಹುಡುಕುವವರಿಗೆ ಉಳಿಯುವುದು ಲಕ್ಷಣಗಳು ಮಾತ್ರ: ದಿನವಿಡೀ ಹೊರಕರೆಗಳನ್ನು ಮಾಡುತ್ತ, ಒಳಕರೆಗಳನ್ನು ಬಹುತೇಕ ಪಡೆಯದೆ, ಒಂದೇ ಟವರಿನ ಕೆಳಗೆ ಅಲುಗದೆ ಕುಳಿತಿರುವ ಸಿಮ್ಮುಗಳ ಸಮೂಹ.

ಈ ಪ್ರಸಂಗದಿಂದ ಒಂದು ವಿವೇಕ ಲಭಿಸುತ್ತದೆ. ಸೆಷನ್-ಐಡಿಯು ಪ್ರಾಮಾಣಿಕರಾದ ಇಬ್ಬರ ನಡುವಣ ಮಾತನ್ನು ಅಖಂಡವಾಗಿ ಉಳಿಸಿಕೊಡಬಲ್ಲುದೇ ಹೊರತು, ವಂಚಕನನ್ನು ಹಿಡಿದುಕೊಡುವ ಪಾಶವಾಗಲಾರದು. ಅದನ್ನು ಪಾಶವನ್ನಾಗಿ ಮಾಡಹೊರಟರೆ, ತೆರವಾಗಿಯೇ ಇರಬೇಕೆಂದು ನಿರ್ಮಿಸಿದ ಹೆಸರಿನೊಳಕ್ಕೆ ಮನುಷ್ಯರ ವಿವರಗಳನ್ನು ತುಂಬಬೇಕಾಗುತ್ತದೆ. ಆದರೆ ತೆರವಾದ ಹೆಸರೂ, ಯಾರು ಯಾರಿಗೆ ಎಷ್ಟು ಹೊತ್ತಿನಲ್ಲಿ ಕರೆ ಮಾಡಿದರೆಂದು ಹೇಳುವ ಸಿ.ಡಿ.ಆರ್. ದಾಖಲೆಯ ಪಕ್ಕದಲ್ಲಿ ಕುಳಿತಾಗ ಮಾತನಾಡತೊಡಗುತ್ತದೆ. ಆ ದಾಖಲೆಗಳನ್ನು ಕಂಪನಿಗಳು ಕನಿಷ್ಠಪಕ್ಷ ಎರಡು ವರ್ಷ ಕಾಯ್ದಿರಿಸಬೇಕೆಂದು ದೂರಸಂಪರ್ಕ ಇಲಾಖೆಯು 2021ರ ಡಿಸೆಂಬರಿನಲ್ಲಿ ಲೈಸೆನ್ಸಿನ ನಿಬಂಧನೆಗಳನ್ನು ತಿದ್ದಿದೆ. ಟ್ರಂಕ್ ಟಿಕೆಟ್ಟು ಯಾರ ಕೈಯಲ್ಲಿದೆಯೆಂಬುದು ಆ ಕಾಲದವರಿಗೆ ತಿಳಿದಿದ್ದಿತು. ಇಂದಿನ ದಾಖಲೆಗಳನ್ನು ನೋಡುವ ಅಧಿಕಾರ ಯಾರಿಗೆ, ಯಾವ ಕಾರಣಕ್ಕೆ, ಯಾರ ಅಪ್ಪಣೆಯಿಂದ ಎಂಬ ಪ್ರಶ್ನೆಗಳಿಗೆ ಇಂಜಿನಿಯರನ ಬಳಿ ಉತ್ತರವಿಲ್ಲ. ತುಂಡಾದ ಕರೆಗಳನ್ನು ಒಂದುಗೂಡಿಸುವ ಶಕ್ತಿಯನ್ನು ಅವನು ಕೊಟ್ಟಾಗಿದೆ, ಅದಕ್ಕೆ ಮೇರೆಯನ್ನು ಹಾಕಬೇಕಾದವರು ಶಾಸನವನ್ನು ಮಾಡುವವರು ಮತ್ತು ಅವರನ್ನು ಆರಿಸುವ ನಾವು.