ಗಾಲಿಕುರ್ಚಿ ಸಾಗಿದರೆ ಊರೇ ಸಾಗೀತು

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದಾಗಿನಿಂದ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಕಾಸಿಲ್ಲದೆ ಓಡಾಡುತ್ತಿದ್ದಾರೆ. ಆ ಯೋಜನೆ ಶುರುವಾಗುವುದು ಬಸ್ಸಿನ ಮೆಟ್ಟಿಲಿನಿಂದ. ಮನೆಯ ಗೇಟಿನಿಂದ ಆ ಮೆಟ್ಟಿಲಿನವರೆಗಿನ ದಾರಿಯಲ್ಲಿ ಕಿತ್ತುಹೋದ ಚಪ್ಪಡಿ, ಅಡ್ಡ ನಿಂತ ಟ್ರಾನ್ಸ್‌ಫಾರ್ಮರ್, ಫುಟ್‌ಪಾತ್ ಮೇಲೆ ಸಾಲಾಗಿ ನಿಲ್ಲಿಸಿದ ಬೈಕುಗಳಿವೆ. ಮಂಡಿನೋವಿನ ಅಜ್ಜಿ ಅರ್ಧ ದಾರಿಗೇ ಸೋಲುತ್ತಾರೆ. ಗಾಲಿಕುರ್ಚಿಯಲ್ಲಿ ಕೂತವರು ಹೊರಡುವುದನ್ನೇ ಬಿಟ್ಟಿದ್ದಾರೆ. ಬಸ್ ಹತ್ತುವ ಪ್ರತಿಯೊಬ್ಬರೂ ಮೊದಲು ಪಾದಚಾರಿಗಳೇ ಆಗಿರುವಾಗ, ಫುಟ್‌ಪಾತ್ ಸರಿಯಿಲ್ಲದ ಊರಿನಲ್ಲಿ ಬಸ್ಸೂ ಅರ್ಧಂಬರ್ಧವೇ.

ಬೆಂಗಳೂರಿನ ಎಷ್ಟೋ ಫುಟ್‌ಪಾತ್‌ಗಳು ನಿಜಕ್ಕೂ ಮಳೆನೀರು ಮೋರಿಯ ಮುಚ್ಚಳಗಳು. ಡಾಂಬರು ಬಿದ್ದಷ್ಟೂ ರಸ್ತೆ ಏರುತ್ತದೆ, ಅದನ್ನು ಹಿಂಬಾಲಿಸಿ ಫುಟ್‌ಪಾತನ್ನೂ ಏರಿಸುತ್ತಾರೆ. ಪ್ರತಿ ಮನೆಯ ಕಾರು ಇಳಿಯಲು ಅದನ್ನು ಕಡಿಯುತ್ತಾರೆ. ಹೀಗಾಗಿ ನಡೆಯುವವರಿಗೆ ಹೆಜ್ಜೆಹೆಜ್ಜೆಗೂ ಹತ್ತಿಳಿಯುವ ಕೆಲಸ.

ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿಯಲ್ಲಿ ಇದಕ್ಕೆ ಉತ್ತರವಿದೆ. ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 150 ಮಿಲಿಮೀಟರ್ ಮೀರಬಾರದು, ಇಳಿಜಾರು 12ಕ್ಕೆ 1. ಅಂದರೆ 150 ಮಿಲಿಮೀಟರ್ ಎತ್ತರ ಏರಲು 1.8 ಮೀಟರ್ ಉದ್ದದ ಇಳಿಜಾರು ಬೇಕು. ಫುಟ್‌ಪಾತ್ ಎತ್ತರವಾದಷ್ಟೂ ಇಳಿಜಾರು ಉದ್ದವಾಗುತ್ತದೆ. ಅದಕ್ಕೆ ಜಾಗ ಸಿಗದೆ ಕಡಿದಾಗಿ ಕಟ್ಟುತ್ತಾರೆ. ಕಡಿದಾದ ಇಳಿಜಾರು ಗಾಲಿಕುರ್ಚಿಯನ್ನು ಹಿಂದಕ್ಕೆ ಮಗುಚುತ್ತದೆ. ಮನೆಯ ಗೇಟುಗಳ ಎದುರೂ ಫುಟ್‌ಪಾತ್ ಸಮತಟ್ಟಾಗಿಯೇ ಸಾಗಬೇಕು. ಹತ್ತಿಳಿಯುವ ಕಷ್ಟ ಕಾರಿಗಿರಲಿ.

ಇದೆಲ್ಲ ಆಗದ ಮಾತೇನಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಕೇಬಲ್, ಕೊಳವೆಗಳನ್ನು ಫುಟ್‌ಪಾತ್ ಕೆಳಗೆ ಸೇರಿಸಿ, ವಾಹನಗಳ ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ನಿಲ್ಲಿಸಿ, ಮಿಕ್ಕ ಜಾಗವನ್ನು ನಡೆಯುವವರಿಗೆ ಕೊಟ್ಟರು. ಕೇಬಲ್ ದುರಸ್ತಿಗೆಂದು ಪದೇಪದೇ ಡಾಂಬರು ಅಗೆಯುವ ಅಗತ್ಯವೂ ತಗ್ಗಿತು. 2018ರಲ್ಲಿ ಚರ್ಚ್ ಸ್ಟ್ರೀಟ್ ಕಲ್ಲುಹಾಸಿನ ಹೊಸ ರೂಪದಲ್ಲಿ ತೆರೆದುಕೊಂಡಿತು. ಅದೇ ವರ್ಷ ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ಪಥದಲ್ಲಿ ‘ಚಿಗರಿ’ ಬಸ್ಸುಗಳು ಓಡತೊಡಗಿದವು. ಅಲ್ಲಿ ಬಸ್ಸಿನ ನೆಲವೂ ನಿಲ್ದಾಣದ ಕಟ್ಟೆಯೂ ಸಮಮಟ್ಟ, ಮೆಟ್ಟಿಲ ಹಂಗಿಲ್ಲ. ಆದರೆ ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ, ಅಲ್ಲಿಗೆ ದಾಟುವ ದಾರಿ ಸುರಕ್ಷಿತವಾಗಿದ್ದರೆ ಮಾತ್ರ ಆ ಸೌಕರ್ಯ ಕೈಗೆಟುಕುತ್ತದೆ.

ಉಳಿದ ಕಡೆ ತಗ್ಗು ನೆಲದ ಬಸ್ ಬಂದರೂ ಅದು ಫುಟ್‌ಪಾತಿಗೆ ತಾಗಿ ನಿಲ್ಲದಿದ್ದರೆ ಏನು ಫಲ? ಫುಟ್‌ಪಾತ್ ಕೊರೆದು ಮಾಡಿದ ಬಸ್ ಬೇಗಳಲ್ಲಿ ಆಟೊಗಳು ನಿಲ್ಲುತ್ತವೆ, ಬಸ್ ನಡುರಸ್ತೆಯಲ್ಲಿ ನಿಲ್ಲುತ್ತದೆ, ಜನ ಡಾಂಬರಿಗಿಳಿದು ಓಡುತ್ತಾರೆ. ಜನದಟ್ಟಣೆಯ ರಸ್ತೆಗಳಲ್ಲಿ ಫುಟ್‌ಪಾತನ್ನೇ ಬಸ್ಸಿನ ಬಾಗಿಲಿನವರೆಗೆ ಮುಂದೆ ಚಾಚುವುದು ಮೇಲು.

ಸೈಕಲ್ಲಿಗೂ ಇಂಥದ್ದೇ ವಿವೇಕ ಬೇಕು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳು ಬಂದವು. ಸೈಕಲ್ ಕೊಟ್ಟರಷ್ಟೇ ಸಾಲದು, ಓಡಿಸಲು ನಿರ್ಭಯದ ಜಾಗವೂ ಇರಬೇಕು. ಬಡಾವಣೆಯ ಒಳರಸ್ತೆಗಳಲ್ಲಿ ವಾಹನಗಳ ವೇಗ ತಗ್ಗಿಸಿದರೆ ಸಾಕು, ಬೇರೆ ಪಥ ಬೇಡ. ಮುಖ್ಯರಸ್ತೆಗೆ ಕಟ್ಟೆ ಕಟ್ಟಿ ಬೇರ್ಪಡಿಸಿದ ಪಥವೇ ಆಗಬೇಕು. ಬರೀ ಬಣ್ಣ ಬಳಿದ ಪಥ ಬೆಳಗಾಗುವುದರೊಳಗೆ ಪಾರ್ಕಿಂಗ್ ಜಾಗವಾಗುತ್ತದೆ.

ಕೆಲವು ತೊಡಕುಗಳಿಗೆ ವಿನ್ಯಾಸವೊಂದೇ ಮದ್ದಲ್ಲ. ಬೈಕು ತಡೆಯಲು ಗಿಡ್ಡ ಕಂಬಗಳನ್ನು ಒತ್ತೊತ್ತಾಗಿ ನೆಟ್ಟರೆ ಗಾಲಿಕುರ್ಚಿಯೂ ಸಿಕ್ಕಿಕೊಳ್ಳುತ್ತದೆ. ಗಾಲಿಕುರ್ಚಿಗೆ ಜಾಗ ಬಿಟ್ಟರೆ ಬೈಕೂ ನುಸುಳುತ್ತದೆ. ಇಲ್ಲಿ ಪೊಲೀಸರ ದಂಡವೂ ಸವಾರರ ನಾಚಿಕೆಯೂ ಬೇಕು. ತಳ್ಳುಗಾಡಿಯವರನ್ನು ಓಡಿಸುವುದೂ ಪರಿಹಾರವಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರ ಬದುಕಿಗೆ ರಕ್ಷಣೆ ಕೊಟ್ಟಿದೆ; ನಕ್ಷೆಯಲ್ಲೇ ಅವರಿಗೂ ಜಾಗ ಗುರುತಿಸಬೇಕು.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಅಂಗವಿಕಲರೂ ಬಳಸಬಲ್ಲ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಾವು ಕೇಳುತ್ತಿರುವುದು ಉಪಕಾರವನ್ನಲ್ಲ. ನಿಮ್ಮ ಬಡಾವಣೆಯಲ್ಲಿ ರಸ್ತೆ ಕಾಮಗಾರಿ ಶುರುವಾದಾಗ ಎಂಜಿನಿಯರರನ್ನು ನಿಲ್ಲಿಸಿ ನಕ್ಷೆ ಕೇಳಿ. ಗಾಲಿಕುರ್ಚಿಯೊಂದು ಮನೆಯಿಂದ ಬಸ್ ಬಾಗಿಲಿನವರೆಗೆ ಯಾರ ನೆರವೂ ಇಲ್ಲದೆ ಸಾಗುವುದೇ ಎಂದು ವಿಚಾರಿಸಿ. ಇಲ್ಲವೆಂದರೆ, ಡಾಂಬರು ಬೀಳುವ ಮುನ್ನವೇ ನಕ್ಷೆ ಬದಲಾಗಲಿ.