ಒಂದು ಮಿಲಿಮೀಟರ್ ಆಚೆಗೆ ಐರ್ಲೆಂಡ್

ಅಕ್ಕನ ಮಗ ಡಬ್ಲಿನ್‌ನಿಂದ ರಜೆಗೆ ಉಚ್ಚಂಗಿದುರ್ಗಕ್ಕೆ ಬಂದವನು, ಚಾಕಲೇಟು ಹಂಚಿ ಮುಗಿದ ಮೇಲೆ ನನ್ನ ಕೈಗೊಂದು ರಟ್ಟಿನ ಡಬ್ಬಿ ಇಟ್ಟ. ಒಳಗೆ ಸ್ಪಂಜಿನ ಹಾಸಿಗೆಯಲ್ಲಿ ಒಂದು ಗೂಡ್ಸ್ ವ್ಯಾಗನ್ ಮಲಗಿತ್ತು. ಇಂಜಿನ್ನೂ ಅಲ್ಲ, ಬಣ್ಣದ ಪ್ಯಾಸೆಂಜರ್ ಬೋಗಿಯೂ ಅಲ್ಲ. ಗೇಟಿನಲ್ಲಿ ನಿಂತ ಮಕ್ಕಳೂ ಟಾಟಾ ಮಾಡದ, ಅದಿರು ಹೊರುವ ಬರೀ ಗೂಡ್ಸ್ ವ್ಯಾಗನ್!

“ಸಮುದ್ರ ದಾಟಿ ಹೋದ ಹುಡುಗ ಆಟದ ಸಾಮಾನು ತಂದಾನಲ್ಲಪ” ಅಂದಳು ಅವ್ವ.

ಆಟದ ಸಾಮಾನೇ ಅಂದುಕೊಂಡು ಭೂತಗನ್ನಡಿ ಹಿಡಿದೆ. ಅಯ್ಯೋ, ಅದೇನು ಕೆಲಸ! ಬ್ರೇಕಿನ ಕೊಳವೆ, ಏಣಿಯ ಮೆಟ್ಟಿಲು, ಚಕ್ರದ ಮೇಲಿನ ಸ್ಪ್ರಿಂಗು, ಸಾಸಿವೆಯಲ್ಲಿ ಅರ್ಧದಷ್ಟಿರುವ ಅಕ್ಷರಗಳು. ಬರಿಗಣ್ಣಿಗೆ ಗೀರಿನಂತೆ ಕಂಡದ್ದು ಗಾಜಿನಡಿ ವ್ಯಾಗನ್ನಿನ ನಂಬರು! ಐರಿಷ್ ರೈಲ್ವೆ ಮಾಡೆಲ್ಸ್ ಎಂಬ ಕಂಪನಿ ಆ ದೇಶದ ಹಳಿಗಳ ಮೇಲೆ ಓಡಿದ ವ್ಯಾಗನ್ನುಗಳನ್ನೇ ಹೀಗೆ ಅಚ್ಚಿಳಿಸಿ ಮಾರುತ್ತದಂತೆ. ಜಲ್ಲಿ ಸುರಿಯುವ ವ್ಯಾಗನ್, ಗೊಬ್ಬರದ ವ್ಯಾಗನ್, ಸಿಮೆಂಟಿನ ‘ಬಬಲ್’. ಆ ಬಬಲ್ಲಿನ ಫೋಟೋ ನೋಡಿ ನಕ್ಕೆ: ನಾಲ್ಕು ಚಕ್ರದ ಮೇಲೆ ಗುಂಡನೆಯ ಗುಡಾಣ ಕೂರಿಸಿದ ಹಾಗಿದೆ. ಒಂದನ್ನು ಕೊಂಡವರು ಒಂದಕ್ಕೇ ನಿಲ್ಲುವುದಿಲ್ಲ. ಗೂಡ್ಸ್ ಗಾಡಿ ಅಂದರೆ ಸಾಲು ಬೇಕಲ್ಲ!

ನನ್ನ ಕೈಗೆ ಬಂದದ್ದು ಟಾರಾ ಗಣಿಯ ವ್ಯಾಗನ್. ಮೀತ್ ಕೌಂಟಿಯ ನವನ್ ಊರಿನ ಪಕ್ಕ 1977ರಿಂದ ಅಗೆಯುತ್ತಿರುವ ಈ ಗಣಿ ಯುರೋಪಿನ ಅತಿ ದೊಡ್ಡ ಸತುವಿನ ಗಣಿ. ಸತುವು, ಸೀಸದ ಪುಡಿಯನ್ನು ಡಬ್ಲಿನ್ ಬಂದರಿಗೆ ಎಳೆದವು ಇಂಥ ವ್ಯಾಗನ್ನುಗಳೇ. ಇದನ್ನು ಕೇಳುತ್ತಿದ್ದಂತೆ ನನ್ನ ಮನಸ್ಸು ಗುಂಡಾ ರೋಡ್ ಜಂಕ್ಷನ್ನಿಗೆ ಜಿಗಿಯಿತು. ಹೊಸಪೇಟೆಯಿಂದ ಕೊಟ್ಟೂರಿಗೆ ಬರುವ ಹಾದಿಯಲ್ಲಿ ಅಲ್ಲಿಂದಲೇ ಸ್ವಾಮಿಹಳ್ಳಿಯ ಕಡೆ, ಸಂಡೂರಿನ ಅದಿರಿಗೆ ಕವಲು ಒಡೆಯುವುದು. ಆ ಕೆಂಧೂಳು ಮೆತ್ತಿದ ವ್ಯಾಗನ್ನುಗಳನ್ನು ಎಷ್ಟು ಸಲ ಎಣಿಸಿದ್ದೇನೋ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಕಡೆ ಲಾರಿಯೂ ರೈಲೂ ತಣ್ಣಗಾದ ನೆನಪು ಇನ್ನೂ ಹಸಿ. 2023ರ ಜುಲೈಯಲ್ಲಿ ಟಾರಾ ಗಣಿಯೂ ಕೆಲಕಾಲ ಬಾಗಿಲು ಹಾಕಿತು. ಅದೂ ಜುಲೈಯೇ!

ಡ್ರಾಯಿಂಗ್ ಮಾಸ್ತರಿಕೆ ಮಾಡಿದ ಕೈ ಸುಮ್ಮನಿದ್ದೀತೆ? ಸ್ಕೇಲು ತಂದು ಚಕ್ರಗಳಿಗೆ ಅಡ್ಡ ಇಟ್ಟು, ಓಡುವ ಹಳಿಯ ಅಗಲ ಲೆಕ್ಕ ಹಾಕಿದೆ. ಹದಿನಾರೂವರೆ ಮಿಲಿಮೀಟರ್.

“ಅದು ಸುಳ್ಳು, ಮಾವ” ಅಂದ ಹುಡುಗ.

ಮಜಾ ಶುರುವಾದದ್ದೇ ಇಲ್ಲಿಂದ. ಈ ಮಾದರಿಗಳ ಲೆಕ್ಕಕ್ಕೆ ‘ಓಓ’ ಅಂತ ಹೆಸರು: ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಹಳಿಯ ಅಗಲವನ್ನು ಮಾತ್ರ ಇನ್ನೊಂದು ಅಳತೆಯಿಂದ, ಅಡಿಗೆ ಮೂರೂವರೆ ಮಿಲಿಮೀಟರಿನ ‘ಎಚ್‌ಓ’ದಿಂದ ಎರವಲು ತಂದಿದ್ದಾರೆ. ಇಂಗ್ಲೆಂಡಿನ ಇಂಜಿನ್ನುಗಳು ಗಾತ್ರದಲ್ಲಿ ಸಣ್ಣವು. ಅಂದಿನ ಮೋಟಾರು ಅವುಗಳ ಹೊಟ್ಟೆಯಲ್ಲಿ ಹಿಡಿಸಲಿಲ್ಲವಂತೆ. ಹಾಗಾಗಿ ಮೈಯನ್ನು ಉಬ್ಬಿಸಿದರು, ಹಳಿಯನ್ನು ಇದ್ದ ಹಾಗೇ ಬಿಟ್ಟರು. ಇಂಗ್ಲೆಂಡಿನ ಗಾಡಿಗೇ ಎರಡು ಮಿಲಿಮೀಟರಿಗೂ ಹೆಚ್ಚು ಮೋಸ. ಐರ್ಲೆಂಡಿನ ಹಳಿಯೋ ಇನ್ನೂ ಅಗಲ, 5 ಅಡಿ 3 ಇಂಚು. ಅದಕ್ಕೆ 21 ಮಿಲಿಮೀಟರ್ ಇರಬೇಕಿತ್ತು. ಹಟಹಿಡಿದ ಕೆಲವರು ಚಕ್ರಗಳನ್ನು ಕಿತ್ತು, ಅಚ್ಚು ಉದ್ದ ಮಾಡಿ, 21ರ ಹಳಿಯನ್ನು ಮನೆಯಲ್ಲೇ ಹಾಕಿಕೊಳ್ಳುತ್ತಾರಂತೆ. ಅವರ ಮನೆಯವರ ತಾಳ್ಮೆಗೆ ನಮಸ್ಕಾರ.

ನಾನು ತಟ್ಟನೆ ಪೆನ್ಸಿಲ್ ತೆಗೆದುಕೊಂಡೆ. ಹರಪನಹಳ್ಳಿ ಸ್ಟೇಷನ್ನಿನ ನಮ್ಮ ಬ್ರಾಡ್‌ಗೇಜು 5 ಅಡಿ 6 ಇಂಚು. ಐದೂವರೆ ನಾಲ್ಕಲೆ ಇಪ್ಪತ್ತೆರಡು! 22 ಮಿಲಿಮೀಟರ್! ಐರ್ಲೆಂಡಿಗೂ ಹರಪನಹಳ್ಳಿಗೂ ಮೇಜಿನ ಮೇಲೆ ಇರುವ ಅಂತರ ಒಂದೇ ಒಂದು ಮಿಲಿಮೀಟರ್. ರಾಗಿ ಕಾಳು ಅಡ್ಡ ಇಟ್ಟರೆ ಮುಚ್ಚಿಹೋದೀತು!

ಎರಡೂ ಹಳಿಗಳ ಅಳತೆ ಹುಟ್ಟಿದ್ದು ಚೌಕಾಸಿಯಿಂದ ಎಂಬುದು ತಿಳಿದಾಗ ಇನ್ನಷ್ಟು ಬೆರಗಾದೆ. ಐರ್ಲೆಂಡಿನಲ್ಲಿ ಒಂದು ಕಂಪನಿ 6 ಅಡಿ 2 ಇಂಚು ಹಾಕಿತ್ತು, ಇನ್ನೊಂದು 5 ಅಡಿ 2 ಇಂಚು, ಮತ್ತೊಂದು 4 ಅಡಿ ಎಂಟೂವರೆ ಇಂಚು. ಜಗಳ ಬಿಡಿಸಲು ನಡುವೆಲ್ಲೋ ಹೊಂದಿಸಿದ 5 ಅಡಿ 3 ಇಂಚನ್ನೇ 1846ರ ಕಾಯಿದೆ ಖಾಯಂ ಮಾಡಿತು. ನಮ್ಮಲ್ಲಿ ಲಂಡನ್ನಿನ ಕಂಪನಿಯವರು 4 ಅಡಿ ಎಂಟೂವರೆ ಅಂದರು, ಗವರ್ನರ್ ಜನರಲ್ ಡಾಲ್‌ಹೌಸಿ 6 ಅಡಿ ಅಂದ, ಐದೂವರೆಗೆ ವ್ಯಾಪಾರ ಕುದುರಿತು. ಕೊಟ್ಟೂರು ಸಂತೆಯಲ್ಲಿ ಎತ್ತಿನ ಬೆಲೆ ಕುದುರಿಸಿದ ಹಾಗೆ!

ಆದರೆ ಕೊಟ್ಟೂರಿಗೆ ಮೊದಲು ಬಂದ ರೈಲು ಬ್ರಾಡ್‌ಗೇಜಿನದಲ್ಲವಲ್ಲ? ಹೊಸಪೇಟೆಯಿಂದ ಬಂದು ಕೊಟ್ಟೂರಿನಲ್ಲೇ ಮುಗಿಯುತ್ತಿದ್ದ ಹಳೆಯ ಹಳಿ ಮೀಟರ್‌ಗೇಜು. ಖರ್ಚು ಕಡಿಮೆಯಾಗಲಿ ಎಂದು ಈ ದೇಶಕ್ಕೆ ಆ ಒಂದು ಮೀಟರಿನ ಹಳಿಯನ್ನು 1870ರ ಹೊತ್ತಿಗೆ ಗೊತ್ತುಮಾಡಿದ ಸರ್ಕಾರ ವೈಸರಾಯ್ ಲಾರ್ಡ್ ಮೇಯೋನದು. ಬೆಂಗಳೂರಿನ ಎಂ.ಜಿ. ರಸ್ತೆಯ ಮೇಯೋ ಹಾಲ್ ಕೇಳಿಲ್ಲವೇ, ಅದೇ ಮೇಯೋ. 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದವನು. ಈ ಮೇಯೋ ಹುಟ್ಟಿದ್ದು ಎಲ್ಲಿ ಗೊತ್ತೇ? ಡಬ್ಲಿನ್‌ನಲ್ಲಿ! ಹುಡುಗ ವಿಮಾನ ಹತ್ತಿ ಬಂದ ಊರಲ್ಲಿ! ಅಗಲದ ಹಳಿಯ ನಾಡಿನವನ ಆಳ್ವಿಕೆಯಲ್ಲಿ ನಮಗೆ ಕಿರಿದಾದ ಹಳಿ ಬಂತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅವ್ವ ಒಲೆಯ ಹತ್ತಿರದಿಂದ “ಏನಾತು, ಚೇಳೇನಾರ ಕಡೀತಾ?” ಅಂದಳು.

ಆ ಮೀಟರ್‌ಗೇಜು ಈಗಿಲ್ಲ. ಹಳಿ ಅಗಲವಾಗಿ, ಕೊಟ್ಟೂರಿನಿಂದ ಹರಪನಹಳ್ಳಿ, ತೆಲಗಿ ದಾಟಿ ಹರಿಹರ ಮುಟ್ಟಿ, 2019ರಲ್ಲಿ ಪ್ಯಾಸೆಂಜರ್ ಗಾಡಿಯೂ ಓಡಿತು. (ಹಳಿಯೊಂದೇ ಬದಲಾಗಿದ್ದಲ್ಲ ಬಿಡಿ. ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸು ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಶಂಟಿಂಗ್ ಆಗುತ್ತಲೇ ಬಂದಿದೆ.)

ಮರುದಿನವೇ ಇಬ್ಬರೂ ಗೂಡ್ಸ್ ಗಾಡಿ ನೋಡಲು ಹೊರಟೆವು. ಮೈಮೇಲೆ ‘ಬಾಕ್ಸ್‌ಎನ್’ ಎಂದು ಬರೆದ, ಮೇಲೆ ಬಾಯಿ ತೆರೆದ, ಎತ್ತರದ ಗೋಡೆಯ ವ್ಯಾಗನ್ನುಗಳು ನಿಂತಿದ್ದವು. ಜೊತೆಗೆ ಹನ್ನೊಂದು ಅಂಕಿಯ ನಂಬರು. ಮೊದಲೆರಡು ವ್ಯಾಗನ್ನಿನ ಜಾತಿ, ಮುಂದಿನೆರಡು ಯಾವ ವಲಯದ್ದು, ಆಮೇಲಿನೆರಡು ಹುಟ್ಟಿದ ವರ್ಷ, ನಂತರದ ನಾಲ್ಕು ಅದರ ಸ್ವಂತ ನಂಬರು. ಕೊನೆಯ ಅಂಕಿ ಮಾತ್ರ ಕಾವಲುಗಾರ! ಮೊದಲ ಹತ್ತರಲ್ಲಿ ಸರಿಸ್ಥಾನದ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಿ, ಬೆಸಸ್ಥಾನದವುಗಳನ್ನು ಸೇರಿಸಿದರೆ, ಮುಂದಿನ ಹತ್ತಕ್ಕೆ ಎಷ್ಟು ಕಡಿಮೆಯೋ ಅಷ್ಟೇ ಆ ಕೊನೆಯ ಅಂಕಿ. ಬಸ್ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದೆವು. ಕೂತಿತು! ಇನ್ನೊಂದು ವ್ಯಾಗನ್ನಿಗೆ ಹಾಕಿದೆವು. ಅದೂ ಕೂತಿತು! ಇಷ್ಟು ವರ್ಷ ಗೇಟಿನಲ್ಲಿ ಬೈದುಕೊಳ್ಳುತ್ತಾ ನಿಂತಾಗ ಕಣ್ಣಮುಂದೆಯೇ ಸಾಗಿಹೋದ ಲೆಕ್ಕ ಇದು.

ರಾತ್ರಿ ಮತ್ತೆ ಪೆನ್ಸಿಲ್. ಬಾಕ್ಸ್‌ಎನ್ ಉದ್ದ 10.7 ಮೀಟರ್, ಮಾದರಿಯಲ್ಲಿ 14 ಸೆಂಟಿಮೀಟರ್, ನನ್ನ ಜಾಮಿಟ್ರಿ ಬಾಕ್ಸಿಗಿಂತ ಸ್ವಲ್ಪ ಗಿಡ್ಡ. 58 ವ್ಯಾಗನ್ನಿನ ಪೂರಾ ರೇಕು ಮಾಡಿದರೆ ಎಂಟು ಮೀಟರು ದಾಟುತ್ತದೆ. ಇಂಜಿನ್ನು ತಲೆಬಾಗಿಲಲ್ಲಿದ್ದರೆ ಗಾರ್ಡಿನ ಡಬ್ಬಿ ಬಚ್ಚಲಲ್ಲಿ! ಇನ್ನು ಭಾರ. ಉದ್ದ, ಅಗಲ, ಎತ್ತರ ಮೂರೂ 76 ಪಾಲು ಕುಗ್ಗಿದರೆ ಭಾರ ನಾಲ್ಕು ಲಕ್ಷಕ್ಕೂ ಹೆಚ್ಚು ಪಾಲು ಕುಗ್ಗಬೇಕು. ಸುಮಾರು 58 ಟನ್ನಿನ ಲೋಡು ಎಷ್ಟಾಯಿತು? ನೂರಮೂವತ್ತು ಗ್ರಾಮಿನ ಆಸುಪಾಸು. ಮೂರು ಟೊಮೆಟೊ!

ಹುಡುಗ ಹೊರಡುವ ಹಿಂದಿನ ದಿನ ಒಂದು ಫೋಟೋ ತೋರಿಸಿದ. ಸಕ್ಕರೆಯ ಬೀಟ್‌ಗೆಡ್ಡೆ ಸಾಗಿಸಲು ಐರ್ಲೆಂಡಿನವರು ಹಳೆಯ ವ್ಯಾಗನ್ನಿನ ಮೈಯ ಮೇಲೆ ಇನ್ನೊಂದು ಹಳೆಯ ವ್ಯಾಗನ್ನಿನ ಮೈ ಕೂರಿಸಿ ಗೋಡೆ ಎತ್ತರಿಸಿಕೊಂಡಿದ್ದರಂತೆ. 2006ರಲ್ಲಿ ಮ್ಯಾಲೋ ಊರಿನಲ್ಲಿದ್ದ ದೇಶದ ಕೊನೆಯ ಸಕ್ಕರೆ ಕಾರ್ಖಾನೆ ಮುಚ್ಚುವವರೆಗೂ ಅವು ಓಡಿದ್ದವು. ಸೀಳು ಬಿದಿರು ಕಟ್ಟಿ ಎತ್ತರಿಸಿ, ಎರಡು ಟ್ರಾಲಿ ಕಬ್ಬು ಹೇರಿಕೊಂಡು ದಾವಣಗೆರೆ ರಸ್ತೆಯಲ್ಲಿ ತೂರಾಡುವ ನಮ್ಮ ಟ್ರ್ಯಾಕ್ಟರುಗಳ ದಾಯಾದಿ ಅಲ್ಲವೇ ಅದು!

“ಮುಂದಿನ ಸಲ ಚಾಕಲೇಟು ಬ್ಯಾಡಪ” ಅಂದೆ, “ಬೀಟಿಂದು ಒಂದು ವ್ಯಾಗನ್ ಸಿಕ್ಕರೆ ನೋಡು.”

“ಒಂದು ಸಾಕಾ, ಮಾವ?”

ಅವ್ವ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು ಮೂರು ಬೆರಳು ತೋರಿಸಿದೆ.